ಬಾಯಿ ಬಿಡದವಳು ಬಸ್ಸು ಬಿಡಲಿಲ್ಲ

ಕರಾವಳಿಯ ಒಂದು ಪೇಟೆಯಲ್ಲಿ ಹೊಂಬೆಳಗು ಮೋಟಾರ್ಸ್ ಎಂಬ ಬಸ್ ಕಂಪನಿ ಇತ್ತು. ಅದರ ಹಸಿರು ಬಸ್ಸುಗಳು ಬೆಳಗಾದರೆ ಘಾಟಿ ಹತ್ತಿ ಮೇಲಿನ ಊರುಗಳಿಗೆ ಹೋಗುತ್ತಿದ್ದವು, ಮಧ್ಯಾಹ್ನಕ್ಕೆ ಇಳಿದು ಬರುತ್ತಿದ್ದವು. ಆ ಕಂಪನಿಯಲ್ಲಿ ವಾರಿಜಾ ಎಂಬವಳು ಒಳ ತಪಾಸಣೆಯ ಕೆಲಸದಲ್ಲಿದ್ದಳು.

ಒಳ ತಪಾಸಣೆ ಅಂದರೇನು ಎಂದು ನೀವು ಕೇಳಬಹುದು. ಹೊರಗಿನವರು ಬಂದು ತಪ್ಪು ಹಿಡಿಯುವ ಮೊದಲೇ ಮನೆಯವರು ತಮ್ಮ ಮನೆಯನ್ನು ತಾವೇ ನೋಡಿಕೊಳ್ಳುವುದು. ಅದಕ್ಕಾಗಿ ಒಬ್ಬರನ್ನು ನೇಮಿಸುತ್ತಾರೆ. ಅವರಿಗೆ ಎಲ್ಲ ಕೋಣೆಗಳ ಬಾಗಿಲೂ ತೆರೆದಿರುತ್ತದೆ. ಯಾರಿಗೆ ಎಷ್ಟು ಸಂಬಳ, ಯಾರು ಯಾಕೆ ರಜೆ ಹಾಕಿದರು, ಮುಂದಿನ ವರ್ಷ ಯಾವ ದಾರಿಯಲ್ಲಿ ಹೊಸ ಬಸ್ಸು ಬರುತ್ತದೆ, ಪಾಲುದಾರರಲ್ಲಿ ಯಾರಿಗೆ ಯಾರ ಮೇಲೆ ಮುನಿಸು, ಎಲ್ಲವೂ ಅವರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಬಾರದು. ಕೆಲಸಕ್ಕೆ ಸೇರುವಾಗ ವಾರಿಜಾ ಹಾಗೆಂದು ಮಾತು ಕೊಟ್ಟು ಸಹಿ ಹಾಕಿದ್ದಳು.

ಸಹಿ ಹಾಕುವವರು ಬಹಳ ಜನ. ವಾರಿಜಾ ಅದನ್ನು ನಡೆಸಿಕೊಂಡು ಬಂದವಳು.

ಒಮ್ಮೆ ಸಂಜೀವ ಎಂಬ ಕಂಡಕ್ಟರ್ ಮೇಲಿಂದ ಮೇಲೆ ರಜೆ ಹಾಕತೊಡಗಿದ. ಅವನ ಹೆಂಡತಿಗೆ ಮನಸ್ಸಿನ ಕಾಯಿಲೆ, ದೂರದ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ರಜೆ ಅರ್ಜಿಗಳನ್ನು ತಪಾಸಣೆ ಮಾಡುವಾಗ ವಾರಿಜಾಳಿಗೆ ಅದು ತಿಳಿಯಿತು. ಉಳಿದವರಿಗೆ ಕುತೂಹಲ ತಡೆಯಲಾಗಲಿಲ್ಲ.

"ಸಂಜೀವನದ್ದು ಎಂತ ಕತೆ ಅಕ್ಕ? ನಿಮಗೆ ಗೊತ್ತುಂಟಲ್ಲ?" ಎಂದು ಕೇಳಿದರು.

"ಗೊತ್ತುಂಟು. ಹೇಳ್ಲಿಕ್ಕಿಲ್ಲ," ಎಂದಳು ವಾರಿಜಾ.

ಮತ್ತೊಮ್ಮೆ ಮಾಲೀಕರ ಹೆಂಡತಿಯೇ ಒಂದು ಮದುವೆ ಮನೆಯಲ್ಲಿ ಅವಳನ್ನು ಪಕ್ಕಕ್ಕೆ ಕರೆದು, ಹೊಸ ಕಾರು ಯಾರ ಹೆಸರಿನಲ್ಲಿ ಬಂತು ಎಂದು ಮೆಲ್ಲಗೆ ವಿಚಾರಿಸಿದರು. ಅಲ್ಲಿಯೂ ಅದೇ ಉತ್ತರ. "ಹೇಳ್ಲಿಕ್ಕಿಲ್ಲ ಅಕ್ಕ. ಯಜಮಾನರನ್ನೇ ಕೇಳಿ." ಅಂದಿನಿಂದ ಗ್ಯಾರೇಜಿನಲ್ಲಿ ಅವಳಿಗೆ 'ಹೇಳ್ಲಿಕ್ಕಿಲ್ಲ ಮೇಡಂ' ಎಂದೇ ಹೆಸರಾಯಿತು. ಮಾಲೀಕ ಜಯಕರ ಹೆಗ್ಡೆಯವರು ಆ ಹೆಸರನ್ನು ನಾಲ್ಕು ಜನರೆದುರು ಹೇಳಿ ನಗುತ್ತಿದ್ದರು. ಅವರಿಗೆ ಅದು ಹೆಮ್ಮೆ. ತಮ್ಮ ಕಂಪನಿಯ ಬಾಗಿಲಿಗೆ ಒಳ್ಳೆಯ ಬೀಗ ಸಿಕ್ಕಿದೆ ಎಂದು ಅವರು ತಿಳಿದಿದ್ದರು. ಅಲ್ಲೇ ಅವರು ತಪ್ಪಿದ್ದು.

ಒಂದು ದಿನ ವಾರಿಜಾ ಸ್ಟೋರಿನ ತಪಾಸಣೆಗೆ ಹೋದಳು. ಬಸ್ಸಿನ ಬಿಡಿಭಾಗಗಳನ್ನೆಲ್ಲ ಇಡುವ ಕೋಣೆ ಅದು. ಅದರ ಉಸ್ತುವಾರಿ ಹೆಗ್ಡೆಯವರ ಹೆಂಡತಿಯ ತಮ್ಮ ಸುಧೀರನದ್ದು. ಅವನಿಗೆ ಪೇಟೆಯಲ್ಲಿ ಬಿಡಿಭಾಗಗಳ ಸ್ವಂತ ಅಂಗಡಿಯೂ ಇತ್ತು. ಕಂಪನಿಗೆ ಬೇಕಾದ ಸಾಮಾನು ಅಲ್ಲಿಂದಲೇ ಬರುತ್ತಿತ್ತು.

ವಾರಿಜಾ ಬ್ರೇಕ್ ಲೈನರಿನ ಒಂದು ಹೊಸ ಪೆಟ್ಟಿಗೆ ಬಿಚ್ಚಿದಳು. ಬ್ರೇಕ್ ಲೈನರ್ ಅಂದರೆ ಚಕ್ರದ ಒಳಗೆ ಒತ್ತಿ ಹಿಡಿದು ಬಸ್ಸನ್ನು ನಿಲ್ಲಿಸುವ ದಪ್ಪ ಪಟ್ಟಿ. ಅದನ್ನು ಕೈಗೆತ್ತಿಕೊಂಡು ಕೆಳಗಿಟ್ಟಳು. ನೋಡಿದರೆ ಬೆರಳೆಲ್ಲ ಕಪ್ಪು. ಹೊಸ ಲೈನರಿನಿಂದ ಬಣ್ಣ ಬಿಡುವುದುಂಟೇ? ಕರವಸ್ತ್ರ ಒದ್ದೆ ಮಾಡಿ ಉಜ್ಜಿದಳು. ಬಣ್ಣದ ಅಡಿಯಲ್ಲಿ ಸವೆದ ಗೀರುಗಳು ಕಂಡವು. ಹಳೆಯ ತೂತುಗಳಿಗೆ ಮೇಣದಂಥ ಏನನ್ನೋ ತುಂಬಿ ಮುಚ್ಚಿದ್ದರು. ಇನ್ನೊಂದು ಪೆಟ್ಟಿಗೆ ಬಿಚ್ಚಿದಳು. ಅದೂ ಹಾಗೆಯೇ.

ಅವಳು ಆ ತುಂಡನ್ನು ಹಿಡಿದುಕೊಂಡು ಮೆಕ್ಯಾನಿಕ್ ಇಬ್ರಾಹಿಮನ ಹತ್ತಿರ ಹೋದಳು. ಅವನು ಅದನ್ನು ನೋಡಿದ, ಆಮೇಲೆ ಆಚೆ ಈಚೆ ನೋಡಿದ.

"ಇದು ಹಳತು ಅಕ್ಕ. ಗುಜರಿಗೆ ಹಾಕಿದ್ದನ್ನು ಹೆಕ್ಕಿ ಬಣ್ಣ ಬಳಿದದ್ದು."

"ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಮೊದಲು ಗೊತ್ತಾದವನು ಹೋಗಿ ಸುಧೀರರಿಗೇ ಹೇಳಿದ. ಮರುದಿನ ಅವನಿಗೆ ಕೆಲಸ ಇರಲಿಲ್ಲ." ಇಬ್ರಾಹಿಮ ಸ್ವರ ತಗ್ಗಿಸಿದ. "ಘಾಟಿ ಹತ್ತುವಾಗ ತೊಂದರೆ ಕಾಣುವುದಿಲ್ಲ. ಇಳಿಯುವಾಗ ಬಿಸಿಯಾಗ್ತದೆ ನೋಡಿ, ಆಗ ಇದು ಬಿಟ್ಟು ಬರ್ತದೆ. ಮತ್ತೆ ಎಷ್ಟು ತುಳಿದರೂ ಬ್ರೇಕು ಹಿಡಿಯುವುದಿಲ್ಲ. ನಿನ್ನೆ ಘಾಟಿಯ ಬೆಳಗಿನ ಬಸ್ಸಿಗೆ ಇದನ್ನೇ ಹಾಕಿಸಿದ್ದಾರೆ. ಇವತ್ತು ಅದು ಗ್ಯಾರೇಜಿನಲ್ಲಿ ಉಂಟು. ನಾಳೆ ಹೊರಡ್ತದೆ. ಅಕ್ಕ, ನನ್ನ ಹೆಸರು..."

"ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ," ಎಂದಳು ವಾರಿಜಾ.

ನೇರವಾಗಿ ಮಾಲೀಕರ ಹತ್ತಿರ ಓಡಲಿಲ್ಲ ಅವಳು. ಯಾರ ಮೇಲೆ ದೂರೋ ಅವನ ಮಾತನ್ನೂ ಕೇಳಬೇಕಾದದ್ದು ತಪಾಸಣೆಯ ಧರ್ಮ. ಸುಧೀರನ ಎದುರು ಆ ಪಟ್ಟಿಯನ್ನು ಇಟ್ಟಳು. ಅವನು ಬೆದರಲಿಲ್ಲ, ನಕ್ಕ.

"ಇಷ್ಟು ದಿನ ಎಂತಾದರೂ ಆಗಿದೆಯಾ? ನೀವು ಸುಮ್ಮನೆ ತಲೆ ಬಿಸಿ ಮಾಡಿಕೊಳ್ಬೇಡಿ. ಬೇಕಾದರೆ ಭಾವನ ಹತ್ತಿರ ಹೇಳಿ ನೋಡಿ."

ಅವಳು ಭಾವನ ಹತ್ತಿರ ಹೇಳಿದಳು. ಜಯಕರ ಹೆಗ್ಡೆಯವರು ಲೈನರನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರ ಮುಖ ಸಣ್ಣದಾಯಿತು. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಹೆಂಡತಿಯ ತವರಿಗೆ ಹೆದರುವವರು, ಊರಿನವರ ಬಾಯಿಗೆ ಅದಕ್ಕಿಂತ ಹೆಚ್ಚು ಹೆದರುವವರು.

"ಇದನ್ನು ಯಾರು ಹೇಳಿದ್ದು ನಿನಗೆ?"

"ಅದು ಹೇಳ್ಲಿಕ್ಕಿಲ್ಲ ಸರ್. ಲೈನರೇ ಹೇಳ್ತಾ ಉಂಟಲ್ಲ."

"ಆಯ್ತು. ನಾನು ಸುಧೀರನ ಹತ್ತಿರ ಮಾತಾಡ್ತೇನೆ. ನಿಧಾನಕ್ಕೆ ಎಲ್ಲ ಬದಲಾಯಿಸುವ. ನೀನು ಇದನ್ನು ಇಲ್ಲಿಗೇ ಬಿಡು."

"ಬೆಳಗಿನ ಬಸ್ಸು?"

"ಹೊರಡ್ಲಿ. ಒಂದು ಬಸ್ಸು ನಿಂತರೆ ಹತ್ತು ಜನ ಯಾಕೆ ಅಂತ ಕೇಳ್ತಾರೆ."

"ಅದರಲ್ಲಿ ಕಾಲೇಜಿನ ಮಕ್ಕಳು ಬರ್ತಾರೆ ಸರ್. ಕೂಲಿಯವರು ಬರ್ತಾರೆ."

ಹೆಗ್ಡೆಯವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ವಾರಿಜಾ, ನೀನು ಸಹಿ ಹಾಕಿ ಬಂದವಳು. ಕಂಪನಿಯ ಗುಟ್ಟು ಹೊರಗೆ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದಿ. ಸಂಜೀವನ ವಿಷಯ ಮುಚ್ಚಿಟ್ಟೆ. ನನ್ನ ಹೆಂಡತಿಗೂ ಬಾಯಿ ಬಿಡಲಿಲ್ಲ. ಇದನ್ನೂ ಹಾಗೇ ಇಟ್ಟುಕೋ."

"ಸಂಜೀವನದ್ದನ್ನು ಇಟ್ಟುಕೊಂಡರೆ ಯಾರೂ ಸಾಯುವುದಿಲ್ಲ ಸರ್," ಎಂದಳು ವಾರಿಜಾ. "ನಿಮ್ಮ ಗುಟ್ಟು ಕಾಯ್ತೇನೆ ಅಂತ ಸಹಿ ಹಾಕಿದ್ದೇನೆ. ಜನರನ್ನು ಕೊಲ್ಲುವುದನ್ನು ನೋಡಿಕೊಂಡು ಕೂರ್ತೇನೆ ಅಂತ ಹಾಕಿಲ್ಲ."

"ಧ್ವನಿ ತಗ್ಗಿಸು!"

"ತಗ್ಗಿಸ್ತೇನೆ. ನೀವು ಬಸ್ಸು ನಿಲ್ಲಿಸಿ."

ಅವರು ನಿಲ್ಲಿಸಲಿಲ್ಲ. ಅವಳು ಹೊರಗೆ ಬಂದು ಬೋರ್ಡಿನ ಅಧ್ಯಕ್ಷರಿಗೆ ಫೋನ್ ಮಾಡಿದಳು. ಕಂಪನಿಯಲ್ಲಿ ಐದಾರು ಪಾಲುದಾರರ ಒಂದು ಬೋರ್ಡ್ ಇತ್ತು. ಮಾಲೀಕರು ಕೇಳದಿದ್ದಾಗ ತಪಾಸಣೆಯವರು ಅಲ್ಲಿಗೆ ಹೋಗಬೇಕು ಎಂದು ಕಂಪನಿಯ ನಿಯಮವೇ ಇತ್ತು. ಅಧ್ಯಕ್ಷರು ವಿಠ್ಠಲದಾಸ ಕಿಣಿ ಎಂಬ ವಯಸ್ಸಾದ ಡಾಕ್ಟರು. ಅವರು ಬೇರೆ ಊರಿನಲ್ಲಿದ್ದರು.

"ನಾಳೆ ಮಧ್ಯಾಹ್ನ ಬರ್ತೇನಮ್ಮ. ಎಲ್ಲರನ್ನೂ ಕರೆಸ್ತೇನೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ," ಎಂದರು ಕಿಣಿಯವರು.

ಮಧ್ಯಾಹ್ನ ಎಂದರೆ ಆಗಲೇ ಬಸ್ಸು ಘಾಟಿ ಹತ್ತಿ ಇಳಿಯುತ್ತಿರುತ್ತದೆ.

ಅಂದು ಸಂಜೆ ಅವಳಿಗೆ ಊಟ ಸೇರಲಿಲ್ಲ. ಗಂಡ ಪುರಂದರ ಹೊಲಿಗೆ ಅಂಗಡಿ ಮುಚ್ಚಿ ಬಂದವನು ಅವಳ ತಟ್ಟೆ ನೋಡಿದ.

"ಎಂತಾಯ್ತು?"

"ಹೇಳ್ಲಿಕ್ಕಿಲ್ಲ," ಎಂದಳು. ಆಮೇಲೆ, "ನಾಳೆ ನನ್ನ ಕೆಲಸ ಹೋಗಬಹುದು," ಎಂದಳು.

ಮನೆಗೆ ಅವಳ ಸಂಬಳವೇ ಆಧಾರ ಎಂಬುದು ಇಬ್ಬರಿಗೂ ಗೊತ್ತಿತ್ತು. ಪುರಂದರ ಅವಳ ತಟ್ಟೆಗೆ ಸ್ವಲ್ಪ ಮಜ್ಜಿಗೆ ಬಡಿಸಿ, "ಇಷ್ಟಾದರೂ ಉಣ್ಣು. ಹಸಿದುಕೊಂಡು ಜಗಳಕ್ಕೆ ಹೋಗಬಾರದು," ಎಂದ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಘಾಟಿಯ ಬಸ್ಸು ಜನ ತುಂಬಿ ನಿಂತಿತ್ತು. ಚಾಲಕ ಲಾರೆನ್ಸ್ ಎಂಜಿನ್ ಚಾಲೂ ಮಾಡಿದ್ದ. ವಾರಿಜಾ ಮೊದಲು ಅವನ ಕಿಟಕಿಯ ಹತ್ತಿರ ಹೋದಳು. ಬ್ರೇಕು ತುಳಿಯುವ ಕಾಲು ಅವನದು. ಬೇರೆ ಯಾರಿಗಿಂತ ಮೊದಲು ಅವನಿಗೆ ತಿಳಿಯಬೇಕು.

"ಲಾರೆನ್ಸ್, ಮೊನ್ನೆ ನಿನ್ನ ಬಸ್ಸಿಗೆ ಹಾಕಿದ ಲೈನರ್ ಹಳತು. ಬಣ್ಣ ಬಳಿದದ್ದು. ನಾನೇ ಕಣ್ಣಾರೆ ನೋಡಿದ್ದೇನೆ."

ಲಾರೆನ್ಸ್ ಅವಳ ಮುಖ ನೋಡಿದ. ಹೇಳ್ಲಿಕ್ಕಿಲ್ಲ ಮೇಡಂ ಬಂದು ಹೇಳುತ್ತಿದ್ದಾಳೆ ಎಂದರೆ ಅದರಲ್ಲಿ ಎರಡು ಮಾತಿಲ್ಲ. ಅವನು ಎಂಜಿನ್ ಆರಿಸಿದ. ಆದರೂ ವಾರಿಜಾ ಸುಮ್ಮನಿರಲಿಲ್ಲ. ಇನ್ನೊಬ್ಬ ಚಾಲಕನನ್ನು ಕರೆಸಿಯಾರು ಎಂದು ಹೋಗಿ ಬಸ್ಸಿನ ಎದುರಿಗೇ ನಿಂತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಗಲಾಟೆ ಶುರುವಾಯಿತು.

"ಎಂತ ಮಾರಾಯ್ತಿ, ನಮಗೆ ಕೆಲಸ ಇಲ್ವಾ?"

"ಪರೀಕ್ಷೆ ಉಂಟು ಆಂಟಿ, ದಾರಿ ಬಿಡಿ!"

"ಈ ಬಸ್ಸಿನ ಬ್ರೇಕು ಸರಿ ಇಲ್ಲ," ಎಂದು ವಾರಿಜಾ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇದು ಘಾಟಿ ಇಳಿಯಬಾರದು. ದಯವಿಟ್ಟು ಇಳಿಯಿರಿ. ಬೇರೆ ಬಸ್ಸು ಕೇಳಿ, ಕೊಡಿಸುವುದು ಕಂಪನಿಯ ಜವಾಬ್ದಾರಿ."

ಊರಿನ ಸುದ್ದಿ ಚಾನೆಲ್ಲಿನ ಒಬ್ಬ ಹುಡುಗ ಎಲ್ಲಿಂದಲೋ ಬಂದು ಮೊಬೈಲ್ ಎತ್ತಿ ಹಿಡಿದ. "ಮೇಡಂ, ಯಾರು ಮಾಡಿದ್ದು ಇದು? ಮಾಲೀಕರಾ? ಅವರ ಮನೆಯವರಾ? ಹೆಸರು ಹೇಳಿ, ಇಡೀ ಜಿಲ್ಲೆ ನೋಡ್ತದೆ."

ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಅಷ್ಟೂ ಜನ ಅವಳ ಕಡೆಗೆ ಬರುತ್ತಿದ್ದರು. ಬೈಯುತ್ತಿದ್ದವರೇ ಅವಳನ್ನು ಹೊತ್ತು ಮೆರೆಸುತ್ತಿದ್ದರು. ಸುಧೀರನ ಅಂಗಡಿಯ ಗಾಜು ಆಗಲೇ ಪುಡಿಯಾಗುತ್ತಿತ್ತು.

"ಬ್ರೇಕು ಸರಿ ಇಲ್ಲ. ಅದು ನಿಮ್ಮೆಲ್ಲರಿಗೂ ತಿಳಿಯಬೇಕಾದ ವಿಷಯ, ಹೇಳಿದೆ," ಎಂದಳು ವಾರಿಜಾ. "ಯಾರು, ಏನು ಎಂಬುದು ವಿಚಾರಣೆ ಮಾಡುವವರ ಮುಂದೆ ಹೇಳುವುದು. ನಿನ್ನ ಮೊಬೈಲಿಗೆ ಹೇಳ್ಲಿಕ್ಕಿಲ್ಲ."

ಅಷ್ಟರಲ್ಲಿ ಹೆಗ್ಡೆಯವರ ಕಾರು ಬಂತು. ಅವರು ಬಾಗಿಲು ಹಾಕದೆ ಇಳಿದು ಬಂದರು.

"ದಾರಿ ಬಿಡು ವಾರಿಜಾ."

"ಬಿಡುವುದಿಲ್ಲ ಸರ್."

"ಈಗಿಂದೀಗ ನಿನ್ನನ್ನು ಕೆಲಸದಿಂದ ತೆಗೆದಿದ್ದೇನೆ."

"ಕೆಲಸದಿಂದ ತೆಗೆಯಿರಿ. ಬಸ್ಸಿನ ಎದುರಿನಿಂದ ತೆಗೆಯಲಿಕ್ಕೆ ನಿಮಗೆ ಆಗುವುದಿಲ್ಲ."

ಹೆಗ್ಡೆಯವರು ಚಾಲಕನ ಕಡೆ ತಿರುಗಿ, "ಲಾರೆನ್ಸ್, ಸ್ಟಾರ್ಟ್ ಮಾಡು," ಎಂದು ಕೂಗಿದರು.

ಲಾರೆನ್ಸ್ ಬಸ್ಸಿನಿಂದ ಇಳಿದು ಬಂದ. ಕೀಯನ್ನು ಅಂಗೈಯಲ್ಲಿಟ್ಟು ಮಾಲೀಕರ ಮುಂದೆ ಹಿಡಿದ. "ತಕ್ಕೊಳ್ಳಿ ಧಣಿ. ನೀವೇ ಓಡಿಸಿ. ನಿಮ್ಮ ಮನೆಯವರನ್ನೂ ಹತ್ತಿಸಿಕೊಳ್ಳಿ."

ಹೆಗ್ಡೆಯವರ ಕೈ ಮುಂದಕ್ಕೆ ಬರಲಿಲ್ಲ. ಆ ಬರದ ಕೈಯನ್ನು ನಿಲ್ದಾಣದಲ್ಲಿದ್ದವರೆಲ್ಲ ನೋಡಿದರು. ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಗ್ಯಾರೇಜಿನಿಂದ ಬೇರೆ ಬಸ್ಸು ಬಂತು. ಅದರ ಚಕ್ರ ಬಿಚ್ಚಿಸಿ ಲೈನರನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ವಾರಿಜಾ ಪಕ್ಕಕ್ಕೆ ಸರಿದಳು.

ಮಧ್ಯಾಹ್ನ ಬೋರ್ಡು ಸೇರಿತು. ಕಿಣಿಯವರು ಮೊದಲು ಮಾಡಿದ ಕೆಲಸ, ನಿಲ್ಲಿಸಿದ ಬಸ್ಸಿನ ಚಕ್ರ ಬಿಚ್ಚಿಸಿದ್ದು. ಲೈನರಿನಲ್ಲಿ ಆಗಲೇ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಕೈಯಲ್ಲಿ ಸ್ವಲ್ಪ ಅದುಮಿದ್ದೇ ತಡ, ತುಂಡಾಗಿ ನೆಲಕ್ಕೆ ಬಿತ್ತು. ಕಿಣಿಯವರು ಆ ತುಂಡನ್ನು ಹೆಕ್ಕಿ ಮೇಜಿನ ಮೇಲಿಟ್ಟರು. ಆಮೇಲೆ ಯಾರೂ ಅದರ ಕಡೆ ನೋಡಲಿಲ್ಲ.

ವಾರಿಜಾ ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅಲ್ಲಿ ಸುಧೀರನ ಹೆಸರು ಹೇಳಿದಳು. ಇಬ್ರಾಹಿಮನ ಹೆಸರು ಹೇಳಲಿಲ್ಲ. ಬೋರ್ಡು ಬೇಗನೆ ತೀರ್ಮಾನ ಮಾಡಿತು. ಎಲ್ಲ ಬಸ್ಸುಗಳ ಲೈನರ್ ಇವತ್ತೇ ಬದಲಾಗಬೇಕು. ಸುಧೀರ ಸ್ಟೋರಿನ ಕಡೆ ಕಾಲಿಡಬಾರದು. ವಾರಿಜಾಳ ಕೆಲಸದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಎಲ್ಲರೂ ಉಸ್ಸೆಂದರು. ಒಬ್ಬರು ಚಹಾ ತರಿಸಲು ಹೇಳಿದರು.

"ಇನ್ನೊಂದು ಉಂಟು," ಎಂದಳು ವಾರಿಜಾ.

"ಇನ್ನೆಂತದು?"

"ಇದೇ ಪೆಟ್ಟಿಗೆಗಳು ಸುಧೀರರ ಅಂಗಡಿಯಿಂದ ಬೇರೆ ಕಂಪನಿಗಳಿಗೂ ಹೋಗಿವೆ. ಸ್ಟೋರಿನಲ್ಲಿದ್ದ ಅಂಗಡಿಯ ಬಿಲ್ಲು ಪುಸ್ತಕದಲ್ಲಿ ಕಂಡಿದ್ದೇನೆ. ಅವರ ಬಸ್ಸುಗಳೂ ಇದೇ ಘಾಟಿ ಇಳಿಯುತ್ತವೆ. ಸಾರಿಗೆ ಕಚೇರಿಗೆ ಈಗಲೇ ತಿಳಿಸಬೇಕು."

ಕೋಣೆಯಲ್ಲಿ ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ಕಂಪನಿಯ ಹೆಸರು ಏನಾದೀತು? ಪರವಾನಗಿ ರದ್ದು ಮಾಡಿದರೆ? ನಮ್ಮ ಮನೆ ನಾವು ಸರಿ ಮಾಡಿಕೊಂಡೆವಲ್ಲ, ಊರ ಉಸಾಬರಿ ನಮಗೆ ಯಾಕೆ? ಒಬ್ಬರಂತೂ, "ಎದುರಾಳಿಯ ಬಸ್ಸಿಗೆ ಏನಾದರೆ ನಮಗೆಂತ ನಷ್ಟ?" ಎಂದೇಬಿಟ್ಟರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕಿಣಿಯವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹೆಚ್ಚಿನವರು ಬೇಡ ಅಂತಿದ್ದಾರಮ್ಮ."

"ಕೇಳಿದೆ ಡಾಕ್ಟರೇ," ಎಂದು ವಾರಿಜಾ ಎದ್ದು ನಿಂತಳು. "ಸಾರಿಗೆ ಕಚೇರಿ ಸಂಜೆ ಮುಚ್ಚುತ್ತದೆ. ನಾನು ಅಲ್ಲಿ ಹೊರಗಿನ ಬೆಂಚಿನ ಮೇಲೆ ಕೂತಿರ್ತೇನೆ. ನೀವೇ ಬಂದು ಹೇಳಿದರೆ ಕಂಪನಿಗೆ ಮರ್ಯಾದೆ. ಮುಚ್ಚುವ ಮೊದಲು ನೀವು ಬಾರದಿದ್ದರೆ ನಾನು ಒಳಗೆ ಹೋಗಿ ಹೇಳ್ತೇನೆ. ನಿಮ್ಮ ಬೆನ್ನ ಹಿಂದೆ ಹೋಗುವವಳಲ್ಲ ನಾನು. ಅದಕ್ಕೇ ಮುಖ ನೋಡಿ ಹೇಳಿ ಹೋಗ್ತಾ ಇದ್ದೇನೆ."

"ಕೋರ್ಟಿಗೆ ಎಳೀತೇನೆ ನಿನ್ನನ್ನು!" ಹೆಗ್ಡೆಯವರು ಮೇಜು ಗುದ್ದಿದರು. ಮೇಜಿನ ಮೇಲಿನ ಲೈನರಿನ ತುಂಡು ಕೆಳಗೆ ಬಿತ್ತು.

"ಎಳೆಯಿರಿ. ಅಲ್ಲಿಯೂ ಇಷ್ಟೇ ಹೇಳ್ತೇನೆ."

ಅವಳು ಸಾರಿಗೆ ಕಚೇರಿಯ ಬೆಂಚಿನ ಮೇಲೆ ಕೂತಳು. ಜನ ಬಂದರು, ಹೋದರು. ಪ್ರತಿ ಕಾರಿನ ಸದ್ದಿಗೂ ಅವಳು ತಲೆ ಎತ್ತಿದಳು. ಅವರು ಬರಲಿ ಎಂದು ನಿಜವಾಗಿಯೂ ಆಸೆಪಟ್ಟಳು. ಎಷ್ಟೋ ವರ್ಷ ಉಂಡ ಅನ್ನ ಅದು. ಯಾರೂ ಬರಲಿಲ್ಲ. ಜವಾನ ಕಿಟಕಿಗಳನ್ನು ಮುಚ್ಚಲು ಶುರು ಮಾಡಿದಾಗ ಅವಳು ಎದ್ದು ಒಳಗೆ ಹೋದಳು.

ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡರು. ಆ ಕ್ಷಣವೇ ನಾಲ್ಕು ಕಡೆ ಫೋನ್ ಮಾಡಿ, ಆ ಅಂಗಡಿಯ ಲೈನರ್ ಹಾಕಿದ ಬಸ್ಸುಗಳನ್ನೆಲ್ಲ ಇದ್ದಲ್ಲೇ ನಿಲ್ಲಿಸಲು ಹೇಳಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವರ ಕಣ್ಣಲ್ಲಿ ಬೇರೆಯೇ ಒಂದು ಹೊಳಪು ಬಂತು.

"ಒಳ್ಳೆಯದು ಮಾಡಿದ್ರಿ. ಅಂದ ಹಾಗೆ, ಆ ಪಾಲುದಾರರಲ್ಲಿ ಜಗಳ ಅಂತಾರಲ್ಲ, ನಿಜವಾ? ಹೊಸದಾಗಿ ಯಾವುದೋ ದಾರಿಗೆ ಅರ್ಜಿ ಹಾಕುವವರಿದ್ದಾರಂತೆ? ಇಷ್ಟು ದೊಡ್ಡ ಕಂಪನಿ, ಬೇರೆ ಎಂತದೂ ಇರದೆ ಉಂಟಾ?"

"ನನಗೆ ಗೊತ್ತಿರುವುದು ತುಂಬ ಉಂಟು ಸರ್," ಎಂದಳು ವಾರಿಜಾ. "ಜನರ ಜೀವಕ್ಕೆ ಸಂಬಂಧಪಟ್ಟದ್ದು ಇಷ್ಟು. ಇದರ ಬಗ್ಗೆ ಏನು ಕೇಳಿದರೂ ಹೇಳ್ತೇನೆ. ಉಳಿದದ್ದು ಕಂಪನಿಯ ಮನೆಯೊಳಗಿನ ಮಾತು. ಅದನ್ನು ಹೇಳ್ಲಿಕ್ಕಿಲ್ಲ."

"ನಿಮ್ಮನ್ನು ಬೀದಿಗೆ ತಳ್ಳಿದವರ ಮನೆ ಅದು."

"ಅವರು ನನ್ನ ಕೆಲಸ ಕಿತ್ತುಕೊಂಡರು. ನಾನು ಕೊಟ್ಟ ಮಾತು ನನ್ನ ಹತ್ತಿರವೇ ಉಂಟು."

ಅಂದೇ ಎದುರಾಳಿ ಕಂಪನಿಯ ಬಸ್ಸುಗಳನ್ನು ಬಿಚ್ಚಿ ನೋಡಿದರು. ಎರಡರಲ್ಲಿ ಅದೇ ಬಣ್ಣ ಬಳಿದ ಪಟ್ಟಿಗಳು ಸಿಕ್ಕಿದವು. ಅವುಗಳಲ್ಲೊಂದು ಮರುದಿನ ಬೆಳಿಗ್ಗೆ ಮದುವೆ ದಿಬ್ಬಣ ಹೊತ್ತು ಘಾಟಿ ಇಳಿಯುವುದಿತ್ತು. ಆ ದಿಬ್ಬಣದವರಿಗೆ ಬಸ್ಸು ಬದಲಾದದ್ದು ಗೊತ್ತೇ ಇಲ್ಲ. ಅವರು ಹಾಡುತ್ತ ಇಳಿದು ಬಂದರು. ಸುಧೀರನ ಅಂಗಡಿಗೆ ಬೀಗಮುದ್ರೆ ಬಿತ್ತು, ಅವನ ಮೇಲೆ ಕೇಸೂ ಆಯಿತು. ಹೊಂಬೆಳಗು ಕಂಪನಿಯನ್ನೂ ಕಚೇರಿ ಬಿಡಲಿಲ್ಲ. ದಂಡ ಹಾಕಿತು, ಎಚ್ಚರಿಕೆ ಕೊಟ್ಟಿತು.

ಒಂದು ದಿನ ಎದುರಾಳಿ ಕಂಪನಿಯ ಮ್ಯಾನೇಜರ್ ಸಿಹಿ ತಿಂಡಿಯ ಪೊಟ್ಟಣ ಹಿಡಿದುಕೊಂಡು ಪುರಂದರನ ಹೊಲಿಗೆ ಅಂಗಡಿಗೆ ವಾರಿಜಾಳನ್ನು ನೋಡಲು ಬಂದ. ಕೈ ಮುಗಿದ. ನಮ್ಮ ಬಸ್ಸುಗಳನ್ನು ಉಳಿಸಿದಿರಿ ಎಂದ. ಅದುವರೆಗೆ ಎಲ್ಲ ಸರಿಯಾಗಿಯೇ ಇತ್ತು.

"ನಮ್ಮಲ್ಲಿಗೆ ಬನ್ನಿ. ಅಲ್ಲಿ ಕೊಡುತ್ತಿದ್ದುದಕ್ಕಿಂತ ಹೆಚ್ಚು ಸಂಬಳ ಕೊಡ್ತೇವೆ. ಒಂದೇ ಒಂದು ಸಣ್ಣ ವಿಷಯ. ಅವರ ಹೊಸ ಬಸ್ಸು ಯಾವ ದಾರಿಯಲ್ಲಿ ಬರ್ತದೆ ಅಂತ ನಿಮಗೆ ಗೊತ್ತಿರಬೇಕಲ್ಲ?"

ವಾರಿಜಾ ಪೊಟ್ಟಣವನ್ನು ಅವನ ಕೈಗೇ ಕೊಟ್ಟಳು. "ನೀವು ನನ್ನನ್ನು ಹೊಗಳಲಿಕ್ಕೆ ಬಂದದ್ದು ಅಂತ ತಿಳಿದಿದ್ದೆ. ಕೊಳ್ಳಲಿಕ್ಕೆ ಬಂದದ್ದಾ? ಹೋಗಿ ಬನ್ನಿ."

ಪುರಂದರ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಆದರೆ ಅವನ ಕಾಲು ಪೆಡಲಿನ ಮೇಲೆ ಒಂದು ಗಳಿಗೆ ನಿಂತಿತು. ಆ ಸಂಬಳ ಬೇಕಿತ್ತು. ಮನೆಯಲ್ಲಿ ಅಕ್ಕಿ ಅಳೆದು ಹಾಕುವ ದಿನಗಳು ಅವು. ವಾರಿಜಾ ಗಂಡನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ದಾರಿಯಲ್ಲಿ ಕೆಲವರು ಅವಳನ್ನು ನೋಡಿ ಕೈ ಮುಗಿಯುತ್ತಿದ್ದರು. ಕೆಲವರು ಉಂಡ ಮನೆಗೆ ಕೇಡು ಮಾಡಿದವಳು ಎಂದು ಮುಖ ತಿರುಗಿಸುತ್ತಿದ್ದರು. ಬೇರೆ ಕಂಪನಿಗಳ ಬಾಗಿಲು ತಟ್ಟಿದರೆ, ಹೇಳುವವಳು ಎಂದು ಹೆದರುತ್ತಿದ್ದರು. ಒಂದು ಕಾಲದಲ್ಲಿ ಅವಳು ಹೇಳುವುದಿಲ್ಲ ಎಂದು ಸಿಟ್ಟಾದವರೇ ಈಗ ಹೇಳಿಬಿಟ್ಟಳು ಎಂದು ಸಿಟ್ಟಾಗಿದ್ದರು. ಅವಳು ಯಾರಿಗೂ ಸಮಜಾಯಿಷಿ ಕೊಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಜಯಕರ ಹೆಗ್ಡೆಯವರು ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತರು. ಕಾರನ್ನು ದೂರದಲ್ಲೇ ಬಿಟ್ಟು ನಡೆದು ಬಂದಿದ್ದರು. ವಾರಿಜಾ ಎದ್ದು ಸ್ಟೂಲು ಕೊಟ್ಟಳು. ಅವರು ಕೂತರು, ನೀರು ಕುಡಿದರು.

"ಆ ಅಧಿಕಾರಿ ನನ್ನನ್ನು ಕೂರಿಸಿಕೊಂಡು ಹೇಳಿದರು. ತಾವು ಎಷ್ಟು ಕೆದಕಿದರೂ ಆಕೆ ಒಂದು ಮಾತು ಹೆಚ್ಚು ಆಡಲಿಲ್ಲ ಅಂತ. ನಮ್ಮ ಪಾಲುದಾರರ ಜಗಳ, ಹೊಸ ದಾರಿ, ಎಲ್ಲ ನಿನಗೆ ಗೊತ್ತಿತ್ತು. ಹೇಳಿದ್ದರೆ ನಾನು ಮುಗಿದೇ ಹೋಗ್ತಿದ್ದೆ. ಯಾಕೆ ಹೇಳಲಿಲ್ಲ?"

"ನಿಮ್ಮನ್ನು ಮುಗಿಸುವುದು ನನ್ನ ಕೆಲಸ ಆಗಿರಲಿಲ್ಲ ಸರ್. ಬಸ್ಸು ನಿಲ್ಲಿಸುವುದು ಮಾತ್ರ ಆಗಿತ್ತು."

ಹೆಗ್ಡೆಯವರು ತಲೆ ತಗ್ಗಿಸಿದರು. "ನನ್ನದು ತಪ್ಪಾಯ್ತು. ಆ ದಿನ ಲಾರೆನ್ಸ್ ಕೀ ಹಿಡಿದಾಗಲೇ ನನಗೆ ಗೊತ್ತಾಯ್ತು. ಒಪ್ಪಿಕೊಳ್ಳಲಿಕ್ಕೆ ಇಷ್ಟು ದಿನ ಬೇಕಾಯ್ತು. ವಾಪಸ್ ಬಾ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕಣ್ಣೀರು ಒರೆಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು. ವಾರಿಜಾ ಕೈಯಲ್ಲಿದ್ದ ಅಂಗಿಗೆ ಗುಂಡಿ ಹೊಲಿದು ಮುಗಿಸಿ ದಾರ ಕಡಿದಳು.

"ಬರ್ತೇನೆ. ಆದರೆ ಇನ್ನು ಮುಂದೆ ನನ್ನ ವರದಿ ನಿಮ್ಮ ಮೇಜಿಗೆ ಬಂದ ದಿನವೇ ಬೋರ್ಡಿಗೂ ಹೋಗ್ತದೆ. ನನ್ನನ್ನು ತೆಗೆಯಬೇಕಾದರೆ ಬೋರ್ಡು ಸಭೆ ಸೇರಿ, ಕಾರಣ ಹೇಳಿ ತೆಗೆಯಬೇಕು. ಬೀದಿಯಲ್ಲಿ ಕೂಗಿ ತೆಗೆಯುವ ಹಾಗಿಲ್ಲ. ಮತ್ತೆ, ಗ್ಯಾರೇಜಿನಲ್ಲಿ ಯಾರೇ ಆಗಲಿ ತಪ್ಪು ಕಂಡು ನನಗೆ ಬಂದು ಹೇಳಿದರೆ, ಅವರು ಯಾರು ಅಂತ ನೀವು ಕೇಳಬಾರದು."

"ನನ್ನ ಕಂಪನಿ. ನನಗೇ ಷರತ್ತಾ?" ಹೆಗ್ಡೆಯವರ ಹಳೆಯ ಸ್ವರ ಒಮ್ಮೆ ತಲೆ ಎತ್ತಿತು.

"ಹೌದು, ನಿಮಗೇ."

ಅವರು ಬೀದಿಯ ಕಡೆ ನೋಡಿದರು. "ಆಯ್ತು. ಬೋರ್ಡಿನವರ ಹತ್ತಿರ ಹೇಳ್ತೇನೆ."

"ಹೇಳುವುದು ಬೇಡ ಸರ್," ಎಂದಳು ವಾರಿಜಾ, ಮುಂದಿನ ಅಂಗಿಯನ್ನು ಕೈಗೆತ್ತಿಕೊಳ್ಳುತ್ತ. "ಎಲ್ಲರ ಸಹಿ ಹಾಕಿಸಿ ಬರೆದು ತನ್ನಿ."

ಅವರು ಬರೆದು ತಂದರು.

ನೀತಿ: ನಂಬಿ ಹೇಳಿದ ಮಾತನ್ನು ಆಸೆಗಾಗಲಿ, ಸಿಟ್ಟಿಗಾಗಲಿ, ಚಪ್ಪಾಳೆಗಾಗಲಿ ಹೊರಗೆ ಬಿಡಬಾರದು. ಆದರೆ ಇನ್ನೊಬ್ಬರ ಜೀವ ತೆಗೆಯುವ ತಪ್ಪು ಯಾರ ಗುಟ್ಟೂ ಅಲ್ಲ. ಅದನ್ನು ಮುಚ್ಚಿಡು ಎಂದವರ ಮುಖಕ್ಕೇ ಆಗುವುದಿಲ್ಲ ಎನ್ನಬೇಕು, ಹೇಳಬೇಕಾದವರ ಮುಂದೆ ಹೋಗಿ ಹೇಳಬೇಕಾದಷ್ಟನ್ನು ಹೇಳಬೇಕು. ಅದಕ್ಕಿಂತ ಒಂದು ಮಾತು ಕಡಿಮೆಯೂ ಬೇಡ, ಒಂದು ಮಾತು ಹೆಚ್ಚೂ ಬೇಡ.